ಟೊಮೆಟೊ ಬಾಕ್ಸಿನಿಂದ ಹಿಂದಕ್ಕೆ ಕಟ್ಟಿದ ಕೋರ್ಸು

ಕೋಲಾರದ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. 2021ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಬ್ಲೆಂಡೆಡ್ ಕಲಿಕೆಯ, ಅಂದರೆ ಕ್ಲಾಸು-ಆನ್‌ಲೈನ್ ಎರಡನ್ನೂ ಬೆರೆಸಿ ಕಲಿಸುವುದರ, ಟಿಪ್ಪಣಿ ಹೊರಡಿಸಿ, ಒಂದು ಕೋರ್ಸಿನ ಶೇ. 40ರವರೆಗೆ ಆನ್‌ಲೈನಿನಲ್ಲಿ ನಡೆಸಬಹುದು ಅಂದಾಗ ನಾನು ಅದನ್ನು ಪಾಲು ಹಂಚುವ ಹಾಗೆ ಓದಿಕೊಂಡೆ. ಐದು ಘಟಕದಲ್ಲಿ ಎರಡು ಮೊಬೈಲಿಗೆ, ಮೂರು ಕ್ಲಾಸಿಗೆ. ಮನೆಯಲ್ಲಿ ಫ್ಯಾನ್ ಆರಿಸಿ, ಬೆವರುತ್ತಾ, 50 ನಿಮಿಷದ ವಿಡಿಯೊ ಹನ್ನೆರಡು ಮಾಡಿ ಹಾಕಿದೆ.

ಯಾರೂ ನೋಡಲಿಲ್ಲ. ಮುಳಬಾಗಿಲು ಕಡೆಯಿಂದ ಬರುವ ಹುಡುಗಿಯೊಬ್ಬಳು ಮಾತ್ರ ಸತ್ಯ ಹೇಳಿದಳು: "ತೆಗೆದೆ ಮೇಡಂ, ಸುತ್ತುತ್ತಾನೇ ಇತ್ತು." ಸಂಜೆ ಡೇರಿಗೆ ಹಾಲು ಹಾಕಿ ಬಂದು ಅಣ್ಣನ ಫೋನು ಕೈಗೆ ಸಿಗುವಷ್ಟರಲ್ಲಿ ಆ ದಿನದ ಡೇಟಾ ಮುಗಿದಿರುತ್ತಿತ್ತಂತೆ. ತಪ್ಪು ನೆಟ್‌ವರ್ಕಿನದು ಮಾತ್ರ ಅಲ್ಲ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣದ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಲೆಕ್ಕ ಹಾಕಿದ 2014ರ ಅಧ್ಯಯನದಲ್ಲೂ, ಆರು ನಿಮಿಷ ದಾಟಿದ ವಿಡಿಯೊಗಳನ್ನು ಕೊನೆಯವರೆಗೆ ನೋಡುವವರು ಕಡಿಮೆ ಎಂದೇ ಕಂಡಿತ್ತು.

ಎರಡನೇ ಸಲ ಹಿಂದಿನಿಂದ ಶುರು ಮಾಡಿದೆ. ಈ ಘಟಕ ಮುಗಿದಾಗ ಮಕ್ಕಳು ಯಾವ ಪ್ರಶ್ನೆಗೆ ಉತ್ತರ ಹೇಳಬೇಕು ಅಂತ ಮೊದಲು ಬರೆದುಕೊಂಡೆ. ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ, ಅಂದರೆ ಬೆಲೆ ಬದಲಾದಾಗ ಕೊಳ್ಳುವುದು ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ, ನಮ್ಮೂರಲ್ಲಿ ಪ್ರಶ್ನೆ ಹುಡುಕಬೇಕಾಗಿಲ್ಲ: 2023ರ ಜುಲೈನಲ್ಲಿ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊವನ್ನು ಬೇರೆ ವರ್ಷ ರಸ್ತೆ ಬದಿಗೆ ಯಾಕೆ ಸುರಿಯುತ್ತಾರೆ? ಅಗ್ಗವಾದರೆ ಜನ ಜಾಸ್ತಿ ಕೊಳ್ಳಬೇಕಲ್ಲ?

ಈ ಪ್ರಶ್ನೆ ಕ್ಲಾಸಿನಲ್ಲೇ ನಡೆಯಬೇಕು, ಜಗಳವಾಗಬೇಕು. ಅದಕ್ಕೆ ಮುಂಚೆ ಏನು ಗೊತ್ತಿರಬೇಕೋ ಅಷ್ಟೇ ಮೊಬೈಲಿಗೆ. ಐದು ನಿಮಿಷದ ಆಡಿಯೊ, ನಾಲ್ಕು ಸ್ಲೈಡ್, ಒಂದು ಲೆಕ್ಕ. ವಿಡಿಯೊ ಕೈಬಿಟ್ಟೆ. ಎಲ್ಲವನ್ನೂ ಕಾಲೇಜಿನ ವೈಫೈನಲ್ಲೇ ಇಳಿಸಿಕೊಂಡು ಬಸ್ಸಿನಲ್ಲಿ ಕೇಳಬಹುದು.

ಲೆಕ್ಕ ಇಷ್ಟೇ. ಕೆಜಿ 40 ರೂಪಾಯಿ ಇದ್ದಾಗ ವಾರಕ್ಕೆ 2 ಕೆಜಿ ತರುವ ಮನೆ, 80 ಆದಾಗ ಒಂದೂವರೆ ಕೆಜಿ ತಂದಿತು. ಬೆಲೆ ಶೇ. 100 ಏರಿತು, ಕೊಳ್ಳುವುದು ಶೇ. 25 ಮಾತ್ರ ಇಳಿಯಿತು. 25ನ್ನು 100ರಿಂದ ಭಾಗಿಸಿದರೆ ಸ್ಥಿತಿಸ್ಥಾಪಕತ್ವ 0.25. ಸಾರಿಗೆ ಹುಳಿ ಬೇಕೇ ಬೇಕಲ್ಲ!

ಮಾರನೇ ದಿನ ಬೋರ್ಡಿನ ಮೇಲೆ ಅದನ್ನೇ ತಿರುಗಿಸಿದೆವು. ಮಾರುಕಟ್ಟೆಯೆಲ್ಲ ಆ ಮನೆಯ ಹಾಗೇ ಅಂದುಕೊಂಡರೆ, ಬೆಳೆ ಶೇ. 10 ಹೆಚ್ಚಾದಾಗ ಅದನ್ನು ಖಾಲಿ ಮಾಡಲು ಬೆಲೆ ಸುಮಾರು ಶೇ. 40 ಬೀಳಬೇಕು. 500 ರೂಪಾಯಿಯಂತೆ 100 ಬಾಕ್ಸಿಗೆ 50,000 ಬರುತ್ತಿತ್ತು. 300ರಂತೆ 110 ಬಾಕ್ಸಿಗೆ 33,000. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದ ಹುಡುಗ ಎದ್ದ. ಅವರ ಮನೆಯಲ್ಲಿ ಒಂದೆಕರೆ ಟೊಮೆಟೊ ಅಂತೆ. "ಕೀಳೋ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಯಾರ್ ಹಾಕ್ತಾರೆ ಮೇಡಂ?" ಅಂದು ಬೋರ್ಡಿಗೇ ಬಂದು ಅದನ್ನೆಲ್ಲ ಕಳೆದ. ಆಮೇಲೆ ನಾನು ಇಪ್ಪತ್ತು ನಿಮಿಷ ಬಾಯಿ ತೆರೆಯಲಿಲ್ಲ.

ಎಡವಿದ್ದೂ ಇದೆ. ಕ್ಲಾಸಿಗೆ ಮುಂಚಿನ ಕ್ವಿಜ್‌ನಲ್ಲಿ ಎಲ್ಲರಿಗೂ ಹತ್ತಕ್ಕೆ ಹತ್ತು ಬಂತು. ಉತ್ತರ ರಾತ್ರಿಯೇ ವಾಟ್ಸ್ಯಾಪ್ ಗುಂಪಿನಲ್ಲಿ ಓಡಾಡಿತ್ತು. ಈಗ ಪ್ರತಿಯೊಬ್ಬರೂ ಅವರ ಮನೆಯ ಹತ್ತಿರದ ಅಂಗಡಿಯಲ್ಲಿ ಎರಡು ವಾರದ ಬೆಲೆ ಕೇಳಿಕೊಂಡು ಬಂದು ಲೆಕ್ಕ ಮಾಡಬೇಕು. ನಕಲು ಹೊಡೆಯಲು ಪಕ್ಕದವರ ಸಂಖ್ಯೆ ಹೊಂದುವುದಿಲ್ಲ. ಕ್ವಿಜ್‌ಗೆ ಅಂಕ ತೆಗೆದುಹಾಕಿದೆ. ಯಾರಿಗೆ ಎಲ್ಲಿ ತಪ್ಪಿತು ಅಂತ ನನಗೆ ಗೊತ್ತಾದರೆ ಸಾಕು. ಚರ್ಚೆಗೆ ಅಂತ ಒಂದು ಜಾಗ ತೆರೆದಿದ್ದೆ. "ನಿಮ್ಮ ಅಭಿಪ್ರಾಯ ತಿಳಿಸಿ" ಅಂದದ್ದಕ್ಕೆ "ಸೂಪರ್ ಮೇಡಂ" ಇಪ್ಪತ್ತೆರಡು ಬಂದವು. ಮುಚ್ಚಿದೆ.

ಒಂದು ಘಟಕ ಹೀಗೆ ಕಟ್ಟಲು ನನಗೆ ಮೂರು ಭಾನುವಾರ ಹಿಡಿಯಿತು. ಕಾರ್ಯಭಾರದ ಪಟ್ಟಿಯಲ್ಲಿ ಭಾನುವಾರದ ಕಾಲಂ ಇಲ್ಲ. ಹಾಗಾಗಿ ಸೆಮಿಸ್ಟರಿಗೆ ಒಂದೇ ಘಟಕ ಬದಲಾಯಿಸುತ್ತೇನೆ, ಉಳಿದದ್ದು ಹಳೇ ಸೀಮೆಸುಣ್ಣ. ಮುಂದಿನದು ರಾಷ್ಟ್ರೀಯ ಆದಾಯ. ಅದಕ್ಕೆ ಟೊಮೆಟೊದಂಥ ಪ್ರಶ್ನೆ ಇನ್ನೂ ಸಿಕ್ಕಿಲ್ಲ.