ಅಂಗಡಿ ಟಿವಿಯಲ್ಲಿ ಏನು, ಎಲ್ಲಿ, ಎಷ್ಟು ಹೊತ್ತಿನವರೆಗೆ?

ಕ್ಯಾತ್ಸಂದ್ರದ ಒಂದು ಹೋಟೆಲ್. ಬೆಳಿಗ್ಗೆ ಆರೂವರೆ. ಒಳಗೆ ತಟ್ಟೆ ಇಡ್ಲಿ ಹಬೆಯಾಡುತ್ತಿದೆ. ಹೊರಗೆ ರಸ್ತೆಗೆ ಮುಖ ಮಾಡಿದ ಟಿವಿಯಲ್ಲಿ ಮಾತ್ರ ‘ತಟ್ಟೆ ಇಡ್ಲಿ ಖಾಲಿ’ ಅಂತ ದೊಡ್ಡ ಅಕ್ಷರ! ಹಿಂದಿನ ದಿನ ಹತ್ತೂವರೆಗೆ ಇಡ್ಲಿ ಮುಗಿದಾಗ ಹಾಕಿದ್ದು, ತೆಗೆಯುವುದು ಮರೆತುಹೋಗಿತ್ತು. ಸ್ಕೂಟರ್ ನಿಲ್ಲಿಸಿ, ಓದಿ, ಮುಂದಿನ ಹೋಟೆಲಿಗೆ ಹೋದವರು ಎಷ್ಟು ಜನವೋ. ಆ ಶೆಡ್ಯೂಲ್, ಅಂದರೆ ಯಾವ ಟಿವಿಯಲ್ಲಿ ಯಾವ ಹೊತ್ತಿಗೆ ಏನು ಬರಬೇಕು ಅನ್ನುವ ಪಟ್ಟಿಯನ್ನು ಸಾಫ್ಟ್‌ವೇರ್‌ನಲ್ಲಿ ಹಾಕಿಕೊಟ್ಟವನು ನಾನೇ.

ಕರಿ ಹಲಗೆಯಾಗಿದ್ದರೆ ಬಾಗಿಲು ತೆಗೆದವರೇ ಒರೆಸಿಬಿಡುತ್ತಿದ್ದರು. ಟಿವಿಗೆ ಯಾವಾಗ ಶುರು ಅಂತ ಎಲ್ಲರೂ ಹೇಳುತ್ತೇವೆ, ಯಾವಾಗ ನಿಲ್ಲಿಸಬೇಕು ಅಂತ ಹೇಳುವುದಿಲ್ಲ. ತಕರಾರು ಬರುವುದೇ ಅಲ್ಲಿ.

ಮೊದಲು ಕಾಗದ, ಆಮೇಲೆ ಲಾಗಿನ್

ಒಂದು ಹಾಳೆಯಲ್ಲಿ ದಿನವನ್ನು ಗೆರೆ ಎಳೆದು ಭಾಗ ಮಾಡಿ. ಈ ಹೋಟೆಲಿನಲ್ಲಿ 6.30ರಿಂದ 11 ಇಡ್ಲಿ, 12ರಿಂದ 3.30 ಊಟ, 4ರಿಂದ 9 ಸಂಜೆ ತಿಂಡಿ. ಬರೆದ ಮೇಲೆ ಕಾಣಿಸಿತು ನೋಡಿ, 11ರಿಂದ 12ರವರೆಗೆ, 3.30ರಿಂದ 4ರವರೆಗೆ ಏನೂ ಇಲ್ಲ. ಆ ಹೊತ್ತಿನಲ್ಲಿ ಟಿವಿ ಕಪ್ಪಾಗುತ್ತದೆ, ಇಲ್ಲವೇ ಸಾಫ್ಟ್‌ವೇರ್ ಕಂಪನಿಯ ಲೋಗೊ ತೋರಿಸುತ್ತಾ ಕೂರುತ್ತದೆ. ಅದಕ್ಕೇ ‘ಡೀಫಾಲ್ಟ್’ (ಬೇರೇನೂ ಇಲ್ಲದಾಗ ತಾನಾಗೇ ಬರುವ) ಜಾಗದಲ್ಲಿ ಕಾಫಿ ಚಿತ್ರ, ಹೋಟೆಲಿನ ಹೆಸರು ಹಾಕಿಡಿ. ಕಾಫಿ ಯಾವ ಹೊತ್ತಿಗೂ ನಡೆಯುತ್ತದೆ, ಅಲ್ವಾ?

ಯಾವ ಟಿವಿಗೆ ಯಾವುದು

ಟಿವಿ 1, ಟಿವಿ 2 ಅಂತ ಹೆಸರಿಡಬೇಡಿ. ಮೂರು ತಿಂಗಳಾದ ಮೇಲೆ ಯಾವುದು ಯಾವುದೋ ನಿಮಗೇ ಗೊತ್ತಾಗುವುದಿಲ್ಲ. ‘ರಸ್ತೆ’, ‘ಗಲ್ಲಾ’, ‘ಪಾರ್ಸೆಲ್’ ಅಂತ ಇಡಿ. ಮೂರಕ್ಕೂ ಒಂದೇ ಚಿತ್ರ ಕಳಿಸುವುದು ಸುಲಭ, ಆದರೆ ಕೆಲಸಕ್ಕೆ ಬಾರದು. ರಸ್ತೆಯಲ್ಲಿ ಹೋಗುವವರು ನೋಡುವುದು ಮೂರು ನಾಲ್ಕು ಸೆಕೆಂಡು. ಅವರಿಗೆ ಒಂದು ಚಿತ್ರ, ಒಂದು ರೇಟು ಸಾಕು. ಗಲ್ಲಾದ ಮುಂದೆ ಸಾಲಿನಲ್ಲಿ ನಿಂತವರಿಗೆ ಪೂರ್ತಿ ಪಟ್ಟಿ ಬೇಕು. ಪಾರ್ಸೆಲ್‌ಗೆ ಕಾಯುವವರಿಗೆ ಪುರುಸೊತ್ತು ಜಾಸ್ತಿ, ನಾಳೆಯ ಸ್ಪೆಷಲ್ ಏನು ಅಂತ ಅಲ್ಲಿ ಹೇಳಬಹುದು. ಒಂದು ಸ್ಲೈಡ್ ಎಷ್ಟು ಸೆಕೆಂಡು ಇರಬೇಕು? ಅದನ್ನು ನಿಧಾನವಾಗಿ ಎರಡು ಸಲ ಜೋರಾಗಿ ಓದಿ, ಅಷ್ಟು ಹೊತ್ತು ಇಡಿ.

ಕನ್ನಡ ಅಕ್ಷರ ಎಲ್ಲ ಫೋನು, ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಇಡ್ಲಿ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಬೇಡದ ಗೋಳು ಅನಿಸಿದರೆ 1920×1080 ಅಳತೆಯ ಚಿತ್ರವಾಗಿ ಸೇವ್ ಮಾಡಿ ಹಾಕಿ.

ಗಡಿಯಾರ ಸರಿ ಇದೆಯಾ?

ಬಹಳ ಜನ ಎಡವುವುದು ಇಲ್ಲಿ. ಕೆಲವು ಸಾಫ್ಟ್‌ವೇರ್‌ಗಳು ಶುರುವಿನಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಲೆಕ್ಕಕ್ಕೆ ಇಟ್ಟುಕೊಂಡ ಸಮಯದಲ್ಲಿರುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಳಕ್ಕೆ ಅಂತ ಹಾಕಿದ ಇಡ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತದೆ! ಸೆಟ್ಟಿಂಗ್ಸ್‌ನಲ್ಲಿ ಏಷ್ಯಾ/ಕೋಲ್ಕತ್ತಾ (ಭಾರತದ ಸಮಯ) ಆರಿಸಿ.

ಇನ್ನೊಂದು, ಕರೆಂಟ್. ಟಿವಿಗೆ ಚಿತ್ರ ಕಳಿಸುವ ಕಡಿಮೆ ಬೆಲೆಯ ಎಷ್ಟೋ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಗಡಿಯಾರಕ್ಕೆ ಅಂತ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಅವು ಇಂಟರ್ನೆಟ್‌ನಿಂದ ಸಮಯ ತಿಳಿದುಕೊಳ್ಳಬೇಕು. ಹಾಗಾಗಿ ಬಾಕ್ಸ್ ಜೊತೆ ರೂಟರ್ ಕೂಡ ಯುಪಿಎಸ್‌ನಲ್ಲಿರಲಿ. ಕರೆಂಟ್ ಬಂದ ತಕ್ಷಣ ಆ್ಯಪ್ ತಾನಾಗೇ ಶುರುವಾಗುವ ಆಯ್ಕೆಯನ್ನೂ ಒತ್ತಿಡಿ.

ಹಬ್ಬ, ಜಾತ್ರೆ

‘ಪ್ರತಿ ವರ್ಷ’ ಅನ್ನುವ ಆಯ್ಕೆ ನವೆಂಬರ್ 1ರ ರಾಜ್ಯೋತ್ಸವಕ್ಕೆ ಸರಿ. ಯುಗಾದಿಗೆ, ಶಿವರಾತ್ರಿಗೆ ಸುಮ್ನೆ ಎಡವಟ್ಟು. ತಾರೀಕು ಬದಲಾಗುತ್ತದೆ, ವರ್ಷವರ್ಷ ಕ್ಯಾಲೆಂಡರ್ ನೋಡಿಯೇ ಹಾಕಬೇಕು. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ ಬಂದರೆ ಕ್ಯಾತ್ಸಂದ್ರದ ಲೆಕ್ಕವೇ ಬೇರೆ, ಹೋಟೆಲ್ ಐದಕ್ಕೇ ತೆಗೆಯಬೇಕಾಗುತ್ತದೆ. ಆಗ ದಿನದ ಶೆಡ್ಯೂಲ್ ಮುಟ್ಟಬೇಡಿ. ಅಷ್ಟು ದಿನಕ್ಕೆ ಮಾತ್ರ ತಾರೀಕು ಹಾಕಿ ಬೇರೆ ಶೆಡ್ಯೂಲ್ ಮಾಡಿ, ಅದಕ್ಕೆ ಹೆಚ್ಚಿನ ಪ್ರಯಾರಿಟಿ ಕೊಡಿ. ಜಾತ್ರೆ ಮುಗಿದ ಮೇಲೆ ಹಳೆಯದು ತಾನಾಗೇ ಬರುತ್ತದೆ.

ಈ ಪ್ರಯಾರಿಟಿ ಅಂದರೇನು? ಒಂದೇ ಹೊತ್ತಿಗೆ ಎರಡು ಸಂಗತಿ ಬಿದ್ದರೆ ಸಾಮಾನ್ಯವಾಗಿ ಎರಡೂ ಸರದಿಯಂತೆ ಬರುತ್ತವೆ. ಒಂದರ ಪ್ರಯಾರಿಟಿ ಜಾಸ್ತಿ ಇದ್ದರೆ ಅದು ಉಳಿದದ್ದನ್ನು ಮುಚ್ಚುತ್ತದೆ. ಎಲ್ಲದಕ್ಕೂ ಜಾಸ್ತಿ ಕೊಟ್ಟರೆ ಮತ್ತೆ ಸರದಿಯೇ.

‘ಖಾಲಿ’ ಬೋರ್ಡಿಗೆ ಈಗ ಎಲ್ಲಕ್ಕಿಂತ ಹೆಚ್ಚಿನ ಪ್ರಯಾರಿಟಿ, ಜೊತೆಗೆ ಅವತ್ತೇ 11ಕ್ಕೆ ಮುಗಿಯುವ ಸಮಯ. ಗಲ್ಲಾದಲ್ಲಿ ಕೂತ ಹುಡುಗ ಮೊಬೈಲಿನಲ್ಲಿ ಒತ್ತಿದರೆ ಸಾಕು, ತೆಗೆಯುವ ಚಿಂತೆ ಅವನಿಗಿಲ್ಲ.

ಶೆಡ್ಯೂಲ್ ಸೇವ್ ಮಾಡಿದ ಕೂಡಲೇ ಮನೆಗೆ ಹೊರಡಬೇಡಿ. ಚಿತ್ರ ಬದಲಾಗುವ ಹೊತ್ತಿಗೆ ರಸ್ತೆಯ ಆಚೆ ನಿಂತು ಕಣ್ಣಾರೆ ನೋಡಿ. ನಾನಂತೂ 11ಕ್ಕೆ ಹತ್ತು ನಿಮಿಷ ಮೊದಲೇ ಹೋಗುತ್ತೇನೆ. ಇಡ್ಲಿ ಉಳಿದಿದ್ದರೆ ಎರಡು ತಿಂದು ನಿಲ್ಲುತ್ತೇನೆ, ಅದು ಬೇರೆ ಮಾತು.