ಕೂತು ಮಾಡುವ ಅಭಿನಯ

ಮೈಸೂರು ಶೈಲಿಯ ಭರತನಾಟ್ಯದಲ್ಲಿ ಕೂತು ಅಭಿನಯಿಸುವ ಪದ್ಧತಿಯೊಂದಿದೆ. ಮಣೆಯ ಮೇಲೋ ಜಮಖಾನದ ಮೇಲೋ ಕೂತು, ಒಂದು ಕಾಲು ಮಡಿಸಿ, ಇನ್ನೊಂದರ ಮಂಡಿ ಎತ್ತಿಟ್ಟು, ‘ಪದ’ವೆಂಬ ಹಾಡನ್ನೋ ಶ್ಲೋಕವನ್ನೋ ಕೈ, ಕಣ್ಣು, ಮುಖಗಳಲ್ಲೇ ಆಡಿ ತೋರಿಸುವುದು. ಐವತ್ತು ದಾಟಿದ ಮೇಲೆ ನಾನು ಪೂರ್ತಿ ಇದಕ್ಕೇ ಬಂದೆ. ಕಾಲು ಅರ್ಧ ಬಾಗಿಸುವ ಅರೆಮಂಡಿಯಲ್ಲಿ ನಿಂತು, ವರ್ಣವೆಂಬ ದೀರ್ಘ ನೃತ್ಯ ಮುಗಿಸಲು ಮಂಡಿ ಒಪ್ಪುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಷ್ಟು ಕುಣಿದರೂ ತೀರದೆ ಉಳಿದ ಹಸಿವು ಅಭಿನಯದ್ದೇ ಆಗಿತ್ತು.

ಈ ಪದ್ಧತಿಯ ಮಾತು ಬಂದರೆ ನಾವೆಲ್ಲ ಮೊದಲು ನೆನೆಯುವ ಹೆಸರು ಮೈಸೂರು ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರದು (1857–1947). ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಕಡೂರು ಸೀಮೆಯ ಲಂಬಾಣಿ ಮನೆತನದ ಹುಡುಗಿ. ಮೈಸೂರು ಅರಮನೆಯ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ತೆರೆದಾಗ ಅಲ್ಲಿ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ ಬಂತು. ಅರಮನೆಯ ಒಳಗಿದ್ದ ವಿದ್ಯೆ ನಮ್ಮಂಥವರ ಮನೆಯ ಹೆಣ್ಣುಮಕ್ಕಳಿಗೆ ದಕ್ಕಿದ್ದು ಇಂಥವರು ಕೈ ಬಿಚ್ಚಿ ಕಲಿಸಿದ್ದರಿಂದ. ನನ್ನ ಗುರುಗಳು, ಒಂದು ಸಾಲಿನ ಭಾವವನ್ನು ಬೆಳೆಸುವ ಸಂಚಾರಿಯನ್ನು ಕಟ್ಟಿ ಕೈಗಿಡುತ್ತಿರಲಿಲ್ಲ. ಸಾಲಿನ ಅರ್ಥ ಬಿಡಿಸಿ, ಒಮ್ಮೆ ತಾವು ಮಾಡಿ ತೋರಿಸಿ, “ಈಗ ನೀನು ಮಾಡು, ನನ್ನ ಹಾಗೆ ಮಾಡಬೇಡ” ಎನ್ನುತ್ತಿದ್ದರು. ನನಗೆ ಸಿಕ್ಕ ದೊಡ್ಡ ಪಾಠ ಅದು.

ಕೂತು ಮಾಡಲು ಶುರುಮಾಡಿದಾಗ ಮೊದಲು ಎದುರಾದದ್ದು ತಾಳದ ಪ್ರಶ್ನೆ. ಪಾದ ತಟ್ಟುವುದಿಲ್ಲ, ಗೆಜ್ಜೆಯಿಲ್ಲ. ಹಾಗಾದರೆ ಲಯ ಎಲ್ಲಿರಬೇಕು? ಉಸಿರಿನಲ್ಲಿ ಇಟ್ಟುಕೊಂಡೆ. ಸಾಲು ಎತ್ತುವಾಗ ಉಸಿರು ತೆಗೆದುಕೊಂಡು, ರೆಪ್ಪೆ ಇಳಿಸುವಾಗ ಬಿಡುವುದು. ತಿಂಗಳುಗಟ್ಟಲೆ ಇದನ್ನೇ ಮಾಡಿದೆ. ತಲೆ, ಕಣ್ಣು, ಕತ್ತಿನ ಚಲನೆಗಳಾದ ಒಂಬತ್ತು ಶಿರೋಭೇದ, ಎಂಟು ದೃಷ್ಟಿಭೇದ, ನಾಲ್ಕು ಗ್ರೀವಾಭೇದಗಳನ್ನು ಚಿಕ್ಕವಳಿದ್ದಾಗ ಬಾಯಿಪಾಠ ಮಾಡಿದ್ದೆ. ಈಗ ದಿನವೂ ಬೆಳಿಗ್ಗೆ, ಮನೆ ಏಳುವ ಮುಂಚೆ, ನಿಧಾನವಾಗಿ ಒಂದೊಂದನ್ನೇ ಕಣ್ಣಿಗೆ, ಕತ್ತಿಗೆ ಒಪ್ಪಿಸುತ್ತೇನೆ. ಅಭ್ಯಾಸದ ಕೋಣೆಯ ಕನ್ನಡಿಯನ್ನೂ ತೆಗೆಸಿಬಿಟ್ಟೆ. ಅಡವುಗಳಿಗೆ, ಅಂದರೆ ಹೆಜ್ಜೆಗಳ ಅಭ್ಯಾಸಕ್ಕೆ, ಕನ್ನಡಿ ಬೇಕು, ಅಭಿನಯಕ್ಕೆ ಬೇಡ. ಕನ್ನಡಿ ಇದ್ದರೆ ಕಣ್ಣು ನನ್ನನ್ನೇ ನೋಡುತ್ತದೆ, ಎದುರಿಗಿರುವ ಕೃಷ್ಣನನ್ನಲ್ಲ.

ಕೃಷ್ಣ ಎಂದೆನಲ್ಲ, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹೆಚ್ಚು ಕಾಲ ಕಳೆದಿರುವುದು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಜೊತೆ. ತಂಜಾವೂರು ಪರಂಪರೆಯ ಬಾಲಸರಸ್ವತಿ (1918–1984) ಈ ಕನ್ನಡ ದೇವರನಾಮವನ್ನು ಲೋಕಕ್ಕೆಲ್ಲ ಕಾಣಿಸಿದರು. 1976ರಲ್ಲಿ ಸತ್ಯಜಿತ್ ರಾಯ್ ಬಾಲಸರಸ್ವತಿಯವರ ಮೇಲೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಕಡಲ ದಂಡೆಯ ಮೇಲೆ ಇದನ್ನೇ ಆಡುತ್ತಾರೆ. ಅದನ್ನು ನೋಡಿದ ಮೇಲೆ ನನ್ನ ಯಶೋದೆಯನ್ನು ನಾನೇ ಹುಡುಕಬೇಕೆನಿಸಿತು.

‘ಕಾಲಲಂದುಗೆ ಗೆಜ್ಜೆ’ ಎಂಬ ಸಾಲು ಬಂದ ಕೂಡಲೇ ಎರಡು ಕೈಯಲ್ಲಿ ಕಾಲುಗೆಜ್ಜೆ ತೋರಿಸುವುದು ವಾಡಿಕೆ. ನಾನು ಮೊದಲು ಅದನ್ನು ಕೇಳಿಸಿಕೊಳ್ಳುತ್ತೇನೆ. ತಾಯಿ ಏನೋ ಕೆಲಸದಲ್ಲಿದ್ದಾಳೆ. ಬೆನ್ನ ಹಿಂದೆ ಗೆಜ್ಜೆಯ ಸದ್ದು. ಕೈ ನಿಲ್ಲುತ್ತದೆ, ತಲೆ ಅಲ್ಲಾಡುವುದಿಲ್ಲ. ಕಣ್ಣು ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಕತ್ತು, ಕೊನೆಗೆ ಮುಖ. ಅಷ್ಟರಲ್ಲಿ ಮಗು ಅಲ್ಲಿಲ್ಲ. ಈಗ ‘ಬೇಗನೆ ಬಾರೋ’ ಎಂದು ಕರೆಯಲು ಅವಳಿಗೊಂದು ಕಾರಣ ಹುಟ್ಟಿತು. ಒಂದು ಸಲ ಮುದ್ದು, ಒಂದು ಸಲ ಸುಳ್ಳು ಕೋಪ, ಒಂದು ಸಲ ಬೆಣ್ಣೆಯ ಆಸೆ, ಕತ್ತಲಾಯಿತೆಂಬ ದಿಗಿಲು ಒಂದು ಸಲ. ಹಾಡುವವರು ಅದೇ ಸಾಲನ್ನು ಬೇರೆ ಬೇರೆ ಸಂಗತಿಗಳಲ್ಲಿ, ಅಂದರೆ ರಾಗದ ಬೇರೆ ಬೇರೆ ತಿರುವುಗಳಲ್ಲಿ, ಎತ್ತಬೇಕು. ಅದಕ್ಕೇ ರೆಕಾರ್ಡ್ ಮಾಡಿದ ಹಾಡಿಗೆ ಅಭಿನಯ ಮಾಡುವುದನ್ನು ನಾನು ಬಿಟ್ಟೆ. ನನ್ನ ಕಣ್ಣು ತಡೆದಾಗ ಗಾಯಕಿಯ ದನಿಯೂ ತಡೆಯಬೇಕು.

ಮಗುವಿನ ಎತ್ತರವನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ. ನಾನು ಕೂತಾಗ ನನ್ನ ಭುಜಕ್ಕೆ ಅವನ ತಲೆ. ದೃಷ್ಟಿ ಎಲ್ಲಿ ಹೋಗಿ ಬಂದರೂ ಮತ್ತೆ ಅದೇ ಜಾಗದಲ್ಲಿ ನಿಲ್ಲಬೇಕು. ನಾಲ್ಕು ಬೆರಳು ಮೇಲೆ ಹೋದರೆ ಮಗು ಒಂದೇ ಚರಣದಲ್ಲಿ ಬೆಳೆದುಬಿಡುತ್ತದೆ. ನೋಡುವವರಿಗೆ ಯಾಕೆಂದು ತಿಳಿಯದಿದ್ದರೂ ನಂಬಿಕೆ ಹೋಗುತ್ತದೆ. ಕೊನೆಯ ಚರಣದಲ್ಲಿ ಬಾಯಲ್ಲಿ ಜಗತ್ತು ಕಾಣಿಸುವಾಗಲೂ ಕಣ್ಣರಳಿಸಲು ಆತುರ ಪಡುವುದಿಲ್ಲ. ಅವಳು ಮೊದಲು ನೋಡುವುದು ಮಣ್ಣನ್ನು. ಗದ್ದ ಹಿಡಿದು, ಬೆರಳು ಹಾಕಿ ತೆಗೆಯಲು ಹೋಗುತ್ತಾಳೆ. ಆ ಬೆರಳು ಮುಂದೆ ಹೋಗದೆ ನಿಂತಲ್ಲಿ ಅದ್ಭುತ ಶುರುವಾಗುತ್ತದೆ. ನನ್ನ ಪ್ರಕಾರ ಇನ್ನೂ ಕಷ್ಟದ್ದು ಅಲ್ಲಿಂದ ಹಿಂತಿರುಗುವುದು: ಅಷ್ಟನ್ನೂ ಕಂಡವಳು ಮತ್ತೆ ಬರೀ ತಾಯಿಯಾಗಿ ಅವನ ಬಾಯಿ ಒರೆಸಬೇಕು.

ಇದಕ್ಕೆಲ್ಲ ಸಾಮಗ್ರಿ ಸಿಗುವುದು ಕೋಣೆಯ ಹೊರಗೆ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಮಾಲೆಯನ್ನು ಮೊಳ ಹಾಕುವುದನ್ನು ನಿಂತು ನೋಡುತ್ತೇನೆ. ಮೊಣಕೈಯಿಂದ ಬೆರಳ ತುದಿಗೆ ಹೂವು ಹರಿಯುವಾಗ ಮಣಿಕಟ್ಟು ಎಷ್ಟು ಸಡಿಲವಾಗಿರುತ್ತದೆ! ಅದೇ ಹಾಡಿನ ‘ವೈಜಯಂತಿ ಮಾಲೆ’ಗೆ ನಾನು ಹಿಡಿಯುವ ಕೈಮುದ್ರೆ, ಕಟಕಾಮುಖ ಹಸ್ತ, ಬದಲಾದದ್ದು ಅಲ್ಲಿ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಜನ ಕಾಯುವುದನ್ನು ಗಮನಿಸುತ್ತೇನೆ. ಕಾಯುವವರು ದಾರಿ ನೋಡುವುದು ಕಡಿಮೆ. ಸೆರಗಿನ ಅಂಚು ತಿರುವುತ್ತಾರೆ, ಉಗುರು ನೋಡಿಕೊಳ್ಳುತ್ತಾರೆ. ನಲ್ಲನಿಗಾಗಿ ಕಾಯುವ ನಾಯಿಕೆ, ವಿರಹೋತ್ಕಂಠಿತೆ, ನನಗೆ ಅರ್ಥವಾದದ್ದು ಹೀಗೆ. ನೃತ್ಯವೇ ನನ್ನ ಬದುಕು ಎಂದರೆ ನಾನು ಹೇಳುವುದು ಈ ನೋಟವನ್ನು. ವೇದಿಕೆ ಅಪರೂಪಕ್ಕೆ ಸಿಗುತ್ತದೆ, ನೋಡುವುದು ದಿನವೂ ಇದೆ.

ಸಂಜೆ ಪಾಠ ಹೇಳುತ್ತೇನೆ. ನೃತ್ಯದ ಸೀನಿಯರ್ ಪರೀಕ್ಷೆ ಮುಗಿಯುವವರೆಗೆ ಕಾಯದೆ, ಅಡವು ಕಲಿಯುತ್ತಿರುವ ಮಕ್ಕಳನ್ನೂ ವಾರಕ್ಕೊಮ್ಮೆ ಕೂರಿಸಿ ಒಂದು ಸಾಲು ಕೊಡುತ್ತೇನೆ. ಕುಣಿತದ ವೇಗಕ್ಕೆ ಚಪ್ಪಾಳೆ ಬೇಗ ಬೀಳುತ್ತದೆ, ಆ ರುಚಿ ಹತ್ತುವ ಮುಂಚೆ ಕಣ್ಣು ಪಳಗಬೇಕು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಕೆಲಸಕ್ಕೆ ಹೋಗುವ ಹೆಂಗಸರು, ಮಂಡಿನೋವಿನಿಂದ ಗೆಜ್ಜೆ ಬಿಚ್ಚಿಟ್ಟವರು ಬರುತ್ತಾರೆ. ಅವರಿಗೆ ಮೊದಲ ದಿನವೇ ಮಣೆ ಹಾಕುತ್ತೇನೆ.

ಈಗ ಕೈಯಲ್ಲಿರುವುದು ಸಂಸ್ಕೃತದ ಶೃಂಗಾರ ಪದ್ಯಗಳ ಸಂಕಲನ ಅಮರು ಶತಕದ ಒಂದು ಶ್ಲೋಕ. ಶ್ಲೋಕಕ್ಕೆ ತಾಳದ ಕಟ್ಟಿಲ್ಲ, ರಾಗದ ಆಸರೆ ಮಾತ್ರ. ನಾಯಿಕೆ ಮುನಿಸು ಬಿಡುವ ಗಳಿಗೆ ಯಾವ ಪದದ ಮೇಲೆ ಬೀಳಬೇಕೆಂದು ನನಗೂ ಗಾಯಕಿಗೂ ಇನ್ನೂ ಒಮ್ಮತವಾಗಿಲ್ಲ.