ಟರ್ಮಿನಲ್‌ನಲ್ಲೇ ಜಾಲತಾಣ ಓದುವುದು

ಆಜ್ಞೆಗಳನ್ನು ಟೈಪ್ ಮಾಡುವ ಪರದೆಯಾದ ಟರ್ಮಿನಲ್‌ನಿಂದ, ದೂರದ ಸರ್ವರ್‌ಗೆ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಮೂಲಕ ಹೊಕ್ಕಾಗ ನನಗೆ ಚಿತ್ರ, ಜಾಹೀರಾತು ಯಾವುದೂ ಬೇಕಿರುವುದಿಲ್ಲ. ಕೈಪಿಡಿಯ ಒಂದು ಪುಟ ಸಿಕ್ಕರೆ ಸಾಕು. ಅದಕ್ಕೆ ನಾನು ನೆಚ್ಚಿಕೊಂಡಿರುವುದು 1992ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಬರೀ ಪಠ್ಯ ತೋರಿಸುವ ಲಿಂಕ್ಸ್ ಬ್ರೌಸರನ್ನು. ಇದೇ ಉಚ್ಚಾರದ ಇನ್ನೊಂದು ಬ್ರೌಸರ್ ಇರುವುದರಿಂದ ಎಲ್, ವೈ, ಎನ್, ಎಕ್ಸ್ ಎಂದು ನೋಡಿಕೊಂಡೇ ಟೈಪ್ ಮಾಡಿ. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ, ತಂತ್ರಾಂಶ ಅಳವಡಿಸುವ ಆಪ್ಟ್ ಆಜ್ಞೆಯ ಮೂಲಕ ಸಿಗುತ್ತದೆ.

ಟರ್ಮಿನಲ್‌ನಲ್ಲಿ ಬ್ರೌಸರಿನ ಹೆಸರು ಬರೆದು, ಜಾಗ ಬಿಟ್ಟು, ತಾಣದ ವಿಳಾಸ ಬರೆದು ಎಂಟರ್ ಒತ್ತಿ. ಹೊಸಬರು ತಬ್ಬಿಬ್ಬಾಗುವುದು ಬಾಣದ ಕೀಲಿಗಳಲ್ಲಿ: ಮೇಲಿನ, ಕೆಳಗಿನ ಬಾಣಗಳು ಸಾಲಿನಿಂದ ಸಾಲಿಗಲ್ಲ, ಕೊಂಡಿಯಿಂದ ಕೊಂಡಿಗೆ ನೆಗೆಯುತ್ತವೆ. ಬಲಬಾಣ ಕೊಂಡಿಯನ್ನು ತೆರೆಯುತ್ತದೆ, ಎಡಬಾಣ ಹಿಂದಿನ ಪುಟಕ್ಕೆ ಒಯ್ಯುತ್ತದೆ. ಕೆಳಗೆ ಸರಿಯಲು ಸ್ಪೇಸ್, ಮೇಲಕ್ಕೆ ಬಿ. ಹೊಸ ವಿಳಾಸಕ್ಕೆ ಜಿ, ಪದ ಹುಡುಕಲು ಓರೆಗೆರೆ (/), ಹೊರಬರಲು ಕ್ಯೂ. ಕುಕಿಗಳ (ತಾಣಗಳು ಬ್ರೌಸರಿನಲ್ಲಿ ಉಳಿಸುವ ಪುಟ್ಟ ಮಾಹಿತಿಯ) ಬಗ್ಗೆ ಅದು ಪದೇ ಪದೇ ಕೇಳಿ ತಲೆ ತಿನ್ನುತ್ತದೆ. ಎ ಒತ್ತಿದರೆ ಆ ತಾಣಕ್ಕೆ ಸದಾ ಒಪ್ಪಿಗೆ, ವಿ ಒತ್ತಿದರೆ ಎಂದಿಗೂ ಇಲ್ಲ.

ನನಗೆ ಅಚ್ಚುಮೆಚ್ಚು ಡಂಪ್ ಆಯ್ಕೆ. ವಿಳಾಸಕ್ಕೆ ಮೊದಲು ಒಂದು ಅಡ್ಡಗೆರೆ (-) ಹಾಕಿ ಡಂಪ್ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಪುಟದ ಪಠ್ಯವೆಲ್ಲ ಟರ್ಮಿನಲ್‌ಗೆ ಸುರಿಯುತ್ತದೆ, ಕೊನೆಯಲ್ಲಿ ಕೊಂಡಿಗಳ ಪಟ್ಟಿಯೂ ಬರುತ್ತದೆ. ಅದನ್ನು, ಬೇಕಾದ ಪದವಿರುವ ಸಾಲುಗಳನ್ನು ಹೆಕ್ಕುವ ಗ್ರೆಪ್‌ಗೆ ಹಾಯಿಸಬಹುದು, ಕಡತದಲ್ಲಿ ಉಳಿಸಬಹುದು. ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಕೋಡ್ ಇಲ್ಲಿ ನಡೆಯುವುದಿಲ್ಲ; ಅದಿಲ್ಲದೆ ಏನನ್ನೂ ತೋರಿಸದ ತಾಣಗಳ ಜೊತೆ ಹೆಣಗುವುದು ವ್ಯರ್ಥ.